ಡಬ್ಬಿಯೊಳಗೆ ನೀರು ಹೋದ ಮಳೆಗಾಲ

ಮೊನ್ನೆ ಅಡುಗೆಮನೆಯ ಸಿಂಕಿನ ಸಂದಿಗೆ ಪ್ಲಂಬರ್ ಸಿಲಿಕಾನ್ ಅಂಟು ಹಾಕಿ ಹೋದ. ಅದು ಒಣಗುವ ತನಕ ಮನೆ ತುಂಬ ವಿನೆಗರ್ ಚೆಲ್ಲಿದಂಥ ಹುಳಿ ವಾಸನೆ. ಅವ್ವ ಕಿಟಕಿ ತೆಗೆದಳು, ನಾನು ಮುಚ್ಚಿದೆ.

"ಯಾಕಲೇ, ತಲಿ ಕೆಟ್ಟೈತೇನು?" ಅಂದಳು.

ಕೆಟ್ಟಿರಲಿಲ್ಲ. ಆ ವಾಸನೆ ಬಂದರೆ ನನಗೆ ಶ್ರೀಕಾಂತ ನೆನಪಾಗುತ್ತಾನೆ. ಮೊದಲು ಸಿಟ್ಟು ಏಳುತ್ತದೆ, ಅದರ ಹಿಂದೆಯೇ ಹಬ್ಬದ ಊಟ ಉಂಡಂಥ ಸಮಾಧಾನ ಬರುತ್ತದೆ. ಇಂಥ ವಾಸನೆಯನ್ನು ಕಿಟಕಿಯಿಂದ ಆಚೆ ಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಮೈನಿಂಗ್ ಜೋರಾಗಿದ್ದ ಕಾಲ ಅದು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹೊಸಪೇಟೆಯ ರಸ್ತೆಯನ್ನು ಹಗಲೂ ರಾತ್ರಿ ಅರೆಯುತ್ತಿದ್ದವು. ರಸ್ತೆ ಪಕ್ಕದ ಬೇವಿನ ಮರ ಕೆಂಪು, ಎಮ್ಮೆ ಕೆಂಪು, ಒಗೆದು ಹಾಕಿದ ಬಿಳಿ ಪಂಚೆ ಕೆಂಪು. ಊರಲ್ಲಿ ಎಲ್ಲರೂ ಅವರವರ ಕೆಲಸ ಬಿಟ್ಟು ಲಾರಿಯ ಹಿಂದೆ ಬಿದ್ದಿದ್ದರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಶೇಖರಪ್ಪನವರೂ ಗಿರಣಿಯನ್ನು ತಮ್ಮನಿಗೆ ಬಿಟ್ಟು, ಹೊಸಪೇಟೆಯಲ್ಲಿ ಮಹಡಿ ಮೇಲೊಂದು ವರ್ಕ್‌ಶಾಪ್ ಹಾಕಿದರು. ನಾವು ಅವರನ್ನು ಧಣಿ ಅನ್ನುತ್ತಿದ್ದೆವು. ಲಾರಿ ತೂಗುವ ವೇಬ್ರಿಡ್ಜಿಗೆ ಕೂಡಿಸುವ ಡಬ್ಬಿ ಮಾಡುವುದು ನಮ್ಮ ಕೆಲಸ. ಲಾರಿ ತೂಕದ ಕಟ್ಟೆ ಹತ್ತಿದರೆ ಡಬ್ಬಿ ತೂಕ ತೋರಿಸಬೇಕು, ಜೊತೆಗೆ ಆ ತೂಕವನ್ನು ಒಳಗಿನ ಮೆಮರಿ ಕಾರ್ಡಿನಲ್ಲಿ ಬರೆದಿಡಬೇಕು.

ಧಣಿಯ ಕೈಕೆಳಗೆ ಮೂವರು. ಚೀಫ್ ಇಂಜಿನಿಯರ್ ಶ್ರೀಕಾಂತ, ಮೈಸೂರು ಕಡೆಯವನು, ಮಾತಿಗೆ ಮೊದಲು ಎರಡು ಸಲ ಗಂಟಲು ಕೆರೆಯುವವನು. ಡಬ್ಬಿಗಳನ್ನು ಅದಿರು ರಾಶಿ ಹಾಕುವ ಯಾರ್ಡುಗಳಿಗೆ ಒಯ್ದು ಗೋಡೆಗೆ ಕೂಡಿಸುವ ಖಾಜಾ. ಮತ್ತು ನಾನು. ನಾನೂ ಬಿ.ಇ. ಓದಿದವನೇ, ಆದರೆ ಕಾಲೇಜಿನಲ್ಲಿ ನನಗೆ ಬಂದ ಬಹುಮಾನಗಳೆಲ್ಲ ಮಿಮಿಕ್ರಿ ಮಾಡಿ ಪ್ರಿನ್ಸಿಪಾಲರ ದನಿ ತೆಗೆದಿದ್ದಕ್ಕೆ. ಲಾರಿಯ ಏರ್ ಹಾರ್ನ್, ಧಣಿಯ ಎಲೆಅಡಿಕೆ ತುಂಬಿದ ಬಾಯಿ, ಹಂಪಿಯ ಗೈಡುಗಳ ಇಂಗ್ಲಿಷು, ಹುಡುಗಿಯರ ಮುಂದೆ ತೊದಲುವ ನನ್ನ ದನಿ, ಯಾವುದನ್ನೂ ಬಿಟ್ಟವನಲ್ಲ.

ಡಬ್ಬಿಗೆ ಕರೆಂಟು ಬಂದ ಕೂಡಲೇ ಒಳಗೆ ಮೊದಲು ಏಳುವುದು ಬೂಟ್‌ಲೋಡರ್ ಎಂಬ ಸಣ್ಣ ಪ್ರೋಗ್ರಾಮು. ಕಾರ್ಡಿನಲ್ಲಿ ಮಲಗಿರುವ ದೊಡ್ಡ ಪ್ರೋಗ್ರಾಮನ್ನು ಹುಡುಕಿ, ಒದ್ದೆಬ್ಬಿಸಿ, ತಾನು ಪಕ್ಕಕ್ಕೆ ಸರಿಯುವುದಷ್ಟೇ ಅದರ ಕೆಲಸ. ಹುಡುಕಬೇಕಾದರೆ ಕಾರ್ಡಿನ ಮೇಲೆ ಫೈಲುಗಳನ್ನು ಯಾವ ರೀತಿ ಜೋಡಿಸಿದೆ, ಅಂದರೆ ಯಾವ ಫೈಲ್ ಸಿಸ್ಟಮ್ ಅನ್ನುವುದು ಅದಕ್ಕೆ ಓದಲು ಬರಬೇಕು. ತಾನಾಗಿ ಏನೂ ಬರುವುದಿಲ್ಲ. ಯಾವುದು ಬರಬೇಕು, ಯಾವುದು ಬೇಡ ಎಂದು ನಾವೇ ಕಾನ್ಫಿಗ್ ಎಂಬ ಪಟ್ಟಿಯ ಫೈಲಿನಲ್ಲಿ ಸಾಲು ಸಾಲಾಗಿ ಬರೆದು, ಯಂತ್ರ ಓದುವಂತೆ ಕಂಪೈಲ್ ಮಾಡಬೇಕು. ಶ್ರೀಕಾಂತ ಇಎಕ್ಸ್‌ಟಿ2 ಎಂಬ ಲಿನಕ್ಸಿನ ಫೈಲ್ ಸಿಸ್ಟಮ್ ಒಂದನ್ನೇ ಇಟ್ಟು, ವಿಂಡೋಸ್ ಕಂಪ್ಯೂಟರುಗಳೂ ಓದುವ ಫ್ಯಾಟ್ ಅನ್ನು ತೆಗೆದುಹಾಕಿದ್ದ. ಇಡೀ ಕಾರ್ಡು ಒಂದೇ ಹಾಳೆ. ಎಬ್ಬಿಸಬೇಕಾದ ಪ್ರೋಗ್ರಾಮೂ ಅಲ್ಲೇ, ಲಾರಿ ಬಂದಾಗಲೆಲ್ಲ ಬರೆಯುವ ತೂಕವೂ ಅಲ್ಲೇ.

"ಸರ್, ಫ್ಯಾಟ್ ಇರ್ಲಿ ಬಿಡ್ರಿ" ಎಂದು ನಾನು ಒಮ್ಮೆ ಕೇಳಿದ್ದೆ. ಅದರ ಹಿಂದೆ ದೊಡ್ಡ ಜ್ಞಾನವೇನೂ ಇರಲಿಲ್ಲ. ಫ್ಯಾಟ್ ಇದ್ದರೆ ಕಾರ್ಡನ್ನು ಯಾವ ಸೈಬರ್ ಕೆಫೆಯಲ್ಲಾದರೂ ತುಂಬಿಸಬಹುದಿತ್ತು, ಶುದ್ಧ ಸೋಮಾರಿತನ.

ಶ್ರೀಕಾಂತ ಗಂಟಲು ಕೆರೆದ. "ಉಹುಂ ಉಹುಂ. ಬೂಟ್‌ಲೋಡರ್ ವಿಷಯ ನನಗೆ ಬಿಡಪ್ಪ. ನೀನು ಹೋಗಿ ಹಾರ್ನ್ ಮಾಡು."

ಬೇಸಿಗೆ ತುಂಬ ಡಬ್ಬಿಗಳು ಚೆನ್ನಾಗಿಯೇ ನಡೆದವು. ಮಳೆ ಹಿಡಿಯಿತು. ಸಂಡೂರಿನ ಗುಡ್ಡಗಳಿಗೆ ಮೋಡ ಇಳಿದು ಯಾರ್ಡುಗಳೆಲ್ಲ ಕೆಂಪು ರಾಡಿಯಾದವು, ಡಬ್ಬಿಗಳು ಸಾಯತೊಡಗಿದವು. ಡಿಸ್ಪ್ಲೇ ಮೇಲೆ ತೂಕದ ಬದಲು ಕರಿ ಚೌಕಗಳ ಒಂದು ಸಾಲು, ಅಷ್ಟೇ. ಮೊದಲು ವಡ್ಡು ಎಂಬ ಹಳ್ಳಿಯ ಯಾರ್ಡಿನಲ್ಲಿ, ಆಮೇಲೆ ಪಾಪಿನಾಯಕನಹಳ್ಳಿ, ಆಮೇಲೆ ಎಲ್ಲೆಲ್ಲೂ. ತೂಕ ಇಲ್ಲದಿದ್ದರೆ ಲಾರಿ ಇಲ್ಲ. ಸಾಲುಗಟ್ಟಿ ನಿಂತ ಡ್ರೈವರುಗಳು ಧಣಿಯ ಮನೆತನವನ್ನೇ ಬಯ್ದು ತೊಳೆಯುತ್ತಿದ್ದರು.

ಸತ್ತ ಡಬ್ಬಿ ವರ್ಕ್‌ಶಾಪಿಗೆ ಬರುತ್ತಿತ್ತು. ಶ್ರೀಕಾಂತ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ತೆಗೆಯುತ್ತಿದ್ದ, ಸಂಜೆಗೆ ಅದು ಬದುಕಿ ಹೊರಗೆ ಬರುತ್ತಿತ್ತು. "ಒಳಗೆ ನೀರು ಹೋಗಿದೆ. ಒಣಗಿಸಿದೀನಿ" ಅನ್ನುತ್ತಿದ್ದ.

ನೀರು ಹೋಗಿದ್ದರೆ ತಪ್ಪು ಖಾಜಾನದು. ಡಬ್ಬಿಯ ಸಂದಿಗಳಿಗೆ ಸಿಲಿಕಾನ್ ಹಾಕಿ ಮುಚ್ಚುತ್ತಿದ್ದವನು ಅವನೇ. ಅವನು ಆ ಕೆಲಸ ಮಾಡುವುದನ್ನು ನೀವು ನೋಡಬೇಕಿತ್ತು. ಅಂಟಿನ ಗೆರೆಯ ಮೇಲೆ ಬೆರಳು ಎಳೆದು, ಮುಚ್ಚುವ ಮುಂಚೆ ಒಳಗೊಂದು ತೇವ ಹೀರುವ ಸಿಲಿಕಾ ಪೊಟ್ಟಣ ಇಡುತ್ತಿದ್ದ. ಅದರ ಮಣಿಗಳು ಒಣಗಿದ್ದರೆ ನೀಲಿ, ತೇವ ತಾಗಿದರೆ ಗುಲಾಬಿ. "ಡಬ್ಬಿಗೆ ಪಾನ್ ಕೊಡ್ಬೇಕಲೇ, ಸುಮ್ನ ಕುಂದ್ರತೈತಿ" ಅನ್ನುತ್ತಿದ್ದ.

ವಡ್ಡಿನ ಡಬ್ಬಿ ಮತ್ತೆ ಸತ್ತ ದಿನ ಧಣಿ ನಮ್ಮೆಲ್ಲರನ್ನೂ ಜೀಪಿನಲ್ಲಿ ಹಾಕಿಕೊಂಡು ಅಲ್ಲಿಗೆ ಹೋದರು. ಡ್ರೈವರುಗಳು, ಆಪರೇಟರು, ಚಹಾದವನು, ಎಲ್ಲ ಸುತ್ತ ನಿಂತಿದ್ದರು. ಶ್ರೀಕಾಂತ ಡಬ್ಬಿ ತೆಗೆದು, ಒಳಗೊಮ್ಮೆ ಇಣುಕಿ, ಪಟ್ಟನೆ ಮುಚ್ಚಿದ.

"ನೀರು ಹೋಗಿದೆ ಸರ್. ಇವನಿಗೆ ಒಂದು ಸೀಲ್ ನೆಟ್ಟಗೆ ಹಾಕೋಕೆ ಬರಲ್ಲ. ಇಂಥವರನ್ನ ಇಟ್ಕೊಂಡ್ರೆ ಕಂಪನಿ ಮುಳುಗುತ್ತೆ."

"ಧಣಿ, ಡಬ್ಬಿ ಕೊಡ್ರಿ, ನಾ ತೋರಿಸ್ತೀನಿ" ಎಂದ ಖಾಜಾ.

ಶ್ರೀಕಾಂತ ಡಬ್ಬಿ ಕೊಡಲಿಲ್ಲ. ಅಷ್ಟು ಜನ ಬಯ್ಯುತ್ತಿರುವಾಗ ಧಣಿಗೆ ಯಾರನ್ನಾದರೂ ಕೈಬಿಟ್ಟು ತೋರಿಸಬೇಕಿತ್ತು. ಖಾಜಾನನ್ನು ಅಲ್ಲೇ ಕೆಲಸದಿಂದ ಬಿಡಿಸಿದರು. ಗುಂಪಿನಲ್ಲಿ ಯಾವನೋ "ನೀರಿನ ಖಾಜಾ" ಅಂದ, ಎಲ್ಲರೂ ನಕ್ಕರು. ಆ ಹೆಸರು ಅವನಿಗಿಂತ ಮೊದಲೇ ಎಲ್ಲ ಯಾರ್ಡು ಮುಟ್ಟಿತು. ಹೊಸಪೇಟೆಯಲ್ಲಿ ಯಾವ ಎಲೆಕ್ಟ್ರಿಕಲ್ ಅಂಗಡಿಯವನೂ ಅವನನ್ನು ಸೇರಿಸಲಿಲ್ಲ. ಕೊನೆಗೆ ಮರಿಯಮ್ಮನಹಳ್ಳಿಯಲ್ಲಿ ಲಾರಿ ಬ್ಯಾಟರಿಗೆ ಆಸಿಡ್ ತುಂಬುವ ಕೆಲಸ ಹಿಡಿದ. ನೋಡಲು ಹೋದರೆ ಅಂಗಿಯ ತುಂಬ ಆಸಿಡ್ಡಿನ ತೂತು. "ಗಾಳಿ ಚೆಂದ ಆಡತೈತಿ" ಎಂದು ನಕ್ಕ. ಆಮೇಲೆ ನಗಲಿಲ್ಲ. "ನಂದು ಸೀಲು ಲೀಕ್ ಆಗಂಗಿಲ್ಲಲೇ. ನಿನಗ ಗೊತ್ತೈತಿ" ಅಂದ.

ಗೊತ್ತಿತ್ತು. ನನ್ನ ಕೈಯಲ್ಲಿದ್ದ ಆಯುಧ ಒಂದೇ, ಅದನ್ನೇ ಹಿಡಿದೆ. ವರ್ಕ್‌ಶಾಪಿನಲ್ಲಿ ಚಹಾ ತೆಳ್ಳಗಿದ್ದರೆ ಶ್ರೀಕಾಂತನ ದನಿಯಲ್ಲಿ "ಉಹುಂ ಉಹುಂ, ನೀರು ಹೋಗಿದೆ". ಧಣಿಯ ಜೀಪು ಸ್ಟಾರ್ಟ್ ಆಗದಿದ್ದರೆ "ನೀರು ಹೋಗಿದೆ, ಒಣಗಿಸ್ತೀನಿ". ಒಂದು ದಿನ ಆ ದನಿ ನನ್ನ ಬಾಯಿಂದಲೂ ಬಾಗಿಲ ಹಿಂದಿನಿಂದಲೂ ಒಟ್ಟಿಗೇ ಕೇಳಿತು. ನೋಡಿದರೆ ಶ್ರೀಕಾಂತ. ಮರುದಿನದಿಂದ ವಡ್ಡಿನ ವೇಬ್ರಿಡ್ಜಿನಲ್ಲಿ ಕಾವಲು ಕೂರುವುದು ನನ್ನ ಕೆಲಸವಾಯಿತು.

ಅವನು ನನಗೆ ಮಾಡಿದ ದೊಡ್ಡ ಉಪಕಾರ ಅದೊಂದೇ.

ಅಲ್ಲಿನ ಆಪರೇಟರು ನಾಗಪ್ಪ, ವಡ್ಡಿನವನೇ. ಮಳೆ ಬಂದರೆ ಲಾರಿಯ ಗಾಲಿಗೆ ಅಂಟಿದ ರಾಡಿ ಕಟ್ಟೆಯ ಮೇಲೆ ಉಳಿಯುತ್ತಿತ್ತು. ಲಾರಿ ಇಳಿದರೂ ಡಿಸ್ಪ್ಲೇ ಸೊನ್ನೆಗೆ ಬರುತ್ತಿರಲಿಲ್ಲ. ಆಗ ನಾಗಪ್ಪ ಕ್ಯಾಬಿನ್ನಿನಿಂದ ಹೊರಗೆ ಬಂದು, ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಧಡ್ ಎಂದು ಕೆಡವಿ, ಡ್ರೈವರುಗಳ ಕಡೆ ತಿರುಗಿ ಕೈ ಎತ್ತಿ, ಮತ್ತೆ ಹಾಕುತ್ತಿದ್ದ. ಹೊಸದಾಗಿ ಎದ್ದ ಡಬ್ಬಿ ಇದ್ದದ್ದನ್ನೇ ಸೊನ್ನೆ ಎಂದುಕೊಳ್ಳುತ್ತಿತ್ತು.

"ನಾಗಪ್ಪಣ್ಣ, ಝೀರೋ ಬಟನ್ ಐತಲ್ಲ, ಒತ್ತಬಾರ್ದಾ?"

"ಒತ್ತಿದ್ರ ಡ್ರೈವರ್‌ಗಳು ನಂಬಂಗಿಲ್ಲ ತಮ್ಮಾ. ಒಳಗ ಕುಂತು ಏನೋ ಒತ್ತಿ ತೂಕ ಕದ್ದ ಅಂತಾರ. ಮೇನ್ ಕೆಡವಿದ್ರ ಎಲ್ಲಾರ ಕಣ್ಣಿಗೂ ಕಾಣ್ತೈತಿ."

"ಬ್ಯಾರೆ ಯಾರ್ಡಿನಾಗ?"

"ಎಲ್ಲಾ ಕಡಿ ಹಿಂಗ. ಮೇನ್ ಕೆಡವದವನು ಕಳ್ಳ ಅಂತ ಲೆಕ್ಕ ಇಲ್ಲಿ."

ಶ್ರೀಕಾಂತನ ಕೋಣೆಯಲ್ಲಿ ಯುಪಿಎಸ್ ಇತ್ತು, ಅಲ್ಲಿ ಕರೆಂಟು ಎಂದೂ ಹೋದದ್ದಿಲ್ಲ. ಇಲ್ಲಿ ಒಂದೊಂದು ಲಾರಿಗೂ ಮೇನ್ ಬೀಳುತ್ತಿತ್ತು, ಅದೂ ಡಬ್ಬಿ ಕಾರ್ಡಿಗೆ ತೂಕ ಬರೆಯುತ್ತಿರುವ ಹೊತ್ತಿಗೇ. ಇಷ್ಟು ಕಣ್ಣೆದುರು ನಡೆಯುತ್ತಿದ್ದರೂ ನನ್ನ ತಲೆಗೆ ಹತ್ತಿರಲಿಲ್ಲ. ನಾನು ಡ್ರೈವರುಗಳಿಗೆ ಹಾರ್ನ್ ಮಾಡಿ ತೋರಿಸುತ್ತ ಮಿರ್ಚಿ ತಿಂದುಕೊಂಡಿದ್ದೆ. ಒಂದು ಮಧ್ಯಾಹ್ನ, ಬಿಸಿಲು ಬಿದ್ದಿತ್ತು, ನಾಗಪ್ಪ ಮೇನ್ ಕೆಡವಿ ಹಾಕಿದ. ಕರಿ ಚೌಕಗಳು.

ಡಬ್ಬಿ ಬಿಚ್ಚಿದೆ. ಒಳಗೆ ಒಂದು ಹನಿ ಇಲ್ಲ. ಖಾಜಾನ ಪೊಟ್ಟಣ ಮೂಲೆಯಲ್ಲಿ ಕೂತಿತ್ತು, ಮಣಿಗಳೆಲ್ಲ ನೀಲಿ. ಲ್ಯಾಪ್‌ಟಾಪಿಗೆ ಕೇಬಲ್ ಹಚ್ಚಿದರೆ ಬೂಟ್‌ಲೋಡರ್ ತನ್ನ ದುಃಖ ಹೇಳಿಕೊಳ್ಳುತ್ತಿತ್ತು: ಕಾರ್ಡು ಇದೆ, ಆದರೆ ಅದರೊಳಗೆ ಎಬ್ಬಿಸಬೇಕಾದ ಫೈಲು ಸಿಗುತ್ತಿಲ್ಲ. ಬರೆಯುವಾಗ ಕರೆಂಟು ಹೋಗಿ ಹೋಗಿ ಆ ಒಂದೇ ಹಾಳೆ ಕಲಸಿಹೋಗಿತ್ತು.

ಆಗ ನೆನಪಾಯಿತು. ಶ್ರೀಕಾಂತನ ಕೋಣೆಯ ಕಸದ ಬುಟ್ಟಿಯಲ್ಲಿ ನಾನು ಇಂಥ ಪೊಟ್ಟಣಗಳನ್ನು ನೋಡಿದ್ದೆ. ಎಲ್ಲ ನೀಲಿ. ಅವನು ಯಾವ ಡಬ್ಬಿಯನ್ನೂ ಒಣಗಿಸುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಕಾರ್ಡನ್ನು ಅಳಿಸಿ ಹೊಸದಾಗಿ ತುಂಬುತ್ತಿದ್ದ. ಅಂದರೆ ಅವನಿಗೆ ಗೊತ್ತಿತ್ತು. ಮೇನ್ ಸ್ವಿಚ್ಚಿನ ಕಥೆ ಗೊತ್ತಿರಲಿಕ್ಕಿಲ್ಲ, ಆದರೆ ನೀರು ಹೋಗಿಲ್ಲ ಅನ್ನುವುದು ಮೊದಲ ಡಬ್ಬಿ ತೆರೆದ ದಿನವೇ ಗೊತ್ತಿತ್ತು. ಗೊತ್ತಿದ್ದೂ ಖಾಜಾನನ್ನು ಅಷ್ಟು ಜನರ ಮುಂದೆ ನಿಲ್ಲಿಸಿದ.

ನನಗೆ ಸಿಟ್ಟು ಬಂದರೆ ನಗು ಬರುತ್ತದೆ. ಅವತ್ತು ಬರಲಿಲ್ಲ.

ಫೋನ್ ಮಾಡಿ ಹೇಳಬಹುದಿತ್ತು. ಹೇಳಿದರೆ ಶ್ರೀಕಾಂತ ಗಂಟಲು ಕೆರೆದು, ಕಾನ್ಫಿಗ್ ತಿದ್ದಿ, "ಹೊಸ ವರ್ಷನ್" ಎಂದು ಧಣಿಯಿಂದ ಶಾಲು ಹೊದಿಸಿಕೊಳ್ಳುತ್ತಿದ್ದ. ಖಾಜಾ ನೀರಿನ ಖಾಜಾ ಆಗಿಯೇ ಉಳಿಯುತ್ತಿದ್ದ. ನನಗೆ ಖಾಜಾನ ಮರ್ಯಾದೆ ಹೋದ ಅದೇ ಯಾರ್ಡು, ಅದೇ ಜನ ಬೇಕಿತ್ತು.

ಸತ್ತ ಡಬ್ಬಿಯ ಕಾರ್ಡನ್ನು ಮತ್ತೆ ತುಂಬಿ, ಪೊಟ್ಟಣ ಸಮೇತ ಮುಚ್ಚಿ ಗೋಡೆಗೆ ಕೂಡಿಸಿದೆ. ಆಮೇಲೆ ಜೊತೆಗೆ ತಂದಿದ್ದ ಎರಡು ಸ್ಪೇರ್ ಡಬ್ಬಿ ಇಟ್ಟುಕೊಂಡು ಕ್ಯಾಬಿನ್ನಿನಲ್ಲೇ ಕೂತು ಬೂಟ್‌ಲೋಡರಿಗೆ ಕೈ ಹಾಕಿದೆ. ಕಾರ್ಡನ್ನು ಎರಡು ಭಾಗ ಮಾಡುವುದು: ಸಣ್ಣದೊಂದು ಫ್ಯಾಟ್ ಭಾಗ, ಅದರಲ್ಲಿ ಪ್ರೋಗ್ರಾಮು ಮಾತ್ರ, ಅಲ್ಲಿ ಯಾರೂ ಏನೂ ಬರೆಯುವಂತಿಲ್ಲ. ತೂಕಗಳೆಲ್ಲ ಇನ್ನೊಂದು ಭಾಗಕ್ಕೆ. ಅದು ಕಲಸಿಹೋದರೂ ಡಬ್ಬಿ ಎದ್ದ ಮೇಲೆ ತಾನೇ ಸರಿ ಮಾಡಿಕೊಳ್ಳುತ್ತದೆ. ಫ್ಯಾಟ್ ಏನು ದೇವರಲ್ಲ, ಕಾಪಾಡುವುದು ಎರಡು ಭಾಗಗಳ ನಡುವಿನ ಆ ಬೇಲಿ. ಹೇಳಲು ಸುಲಭ. ನಾನು ಫ್ಯಾಟ್ ಓದುವ ಸಾಲು ಸೇರಿಸಿದೆ, ಡಬ್ಬಿ ಏಳಲಿಲ್ಲ. ಕಾರ್ಡಿನಲ್ಲಿ ಭಾಗಗಳಿವೆ ಎಂದು ಗುರುತಿಸುವ ಸಾಲನ್ನು ಮರೆತಿದ್ದೆ. ಅದನ್ನೂ ಸೇರಿಸಿದೆ. ಬೂಟ್‌ಲೋಡರ್ ಉಬ್ಬಿತು. ಬೋರ್ಡಿನಲ್ಲಿ ಅದಕ್ಕೆ ಕೊಟ್ಟ ಜಾಗ ಅಂಗೈಯಷ್ಟು, ಪಕ್ಕದಲ್ಲೇ ಅದರ ಸೆಟ್ಟಿಂಗುಗಳ ಜಾಗ. ಉಬ್ಬಿದ್ದು ಅಲ್ಲಿಗೂ ಚಾಚಿತ್ತು. ನಾನು ಸೆಟ್ಟಿಂಗು ಸೇವ್ ಮಾಡಿದಾಗ ಅದು ಬೂಟ್‌ಲೋಡರಿನ ಬಾಲದ ಮೇಲೆಯೇ ಬರೆಯಿತು. ಆ ಸ್ಪೇರ್ ಬೋರ್ಡಿಗೆ ಆಮೇಲೆ ಕರಿ ಚೌಕ ಕೂಡ ಬರಲಿಲ್ಲ.

"ಇದಕ್ಕೂ ನೀರು ಹೋತೇನು?" ಎಂದ ನಾಗಪ್ಪ.

"ಇಲ್ಲಣ್ಣ, ಇದಕ್ಕ ನಾ ಹೋದೆ."

ನೆಟ್‌ವರ್ಕಿನಿಂದ ಲೋಡ್ ಮಾಡುವ ಸಾಲುಗಳು ಯಾರಿಗೂ ಬೇಕಿರಲಿಲ್ಲ. ಅವನ್ನೂ, ಇಎಕ್ಸ್‌ಟಿ2 ಓದುವುದನ್ನೂ ಕಿತ್ತುಹಾಕಿದ ಮೇಲೆ ಬೂಟ್‌ಲೋಡರ್ ತನ್ನ ಜಾಗದಲ್ಲಿ ಹಿಡಿಯಿತು. ಉಳಿದ ಸ್ಪೇರ್ ಡಬ್ಬಿಯಲ್ಲಿ ಹಾಕಿ, ನಾಗಪ್ಪನಿಗೆ ಮನಸ್ಸಿಗೆ ಬಂದಷ್ಟು ಸಲ ಮೇನ್ ಕೆಡವಲು ಹೇಳಿದೆ. ಅವನ ತೋಳು ಸೋತಿತು, ಡಬ್ಬಿ ಸೋಲಲಿಲ್ಲ.

ಆಮೇಲೆ ವಡ್ಡಿನ ಅಂಗಡಿಯ ಕಾಯಿನ್ ಬಾಕ್ಸ್ ಫೋನಿಗೆ ಹೋದೆ. ಬಾಯಿಗೆ ಎಲೆಅಡಿಕೆ ಹಾಕಿಕೊಂಡು ಶ್ರೀಕಾಂತನಿಗೆ ಫೋನ್ ಮಾಡಿ ಧಣಿಯಾದೆ: "ನಾಳಿ ವಡ್ಡಿಗೆ ಬರ್ರಿ, ಹಳೇ ಡಬ್ಬಿ ನಡಸಿ ತೋರಸ್ರಿ, ದೊಡ್ಡ ಪಾರ್ಟಿ ಬರ್ತೈತಿ." ಎಲೆಅಡಿಕೆ ಉಗುಳಿ, ಗಂಟಲು ಕೆರೆದು, ಧಣಿಗೆ ಶ್ರೀಕಾಂತನಾದೆ: "ಸರ್, ನಾಳೆ ವಡ್ಡಿನಲ್ಲಿ ಒಂದು ಡೆಮೊ ಇದೆ, ತಾವು ಬರಲೇಬೇಕು." ಮೂರನೆಯ ಫೋನು ಮರಿಯಮ್ಮನಹಳ್ಳಿಗೆ. ಅದನ್ನು ನನ್ನ ದನಿಯಲ್ಲೇ ಮಾಡಿದೆ, ಖಾಜಾ ನಂಬಲಿಲ್ಲ. "ಯಾರಂತ ಖರೇ ಹೇಳಲೇ" ಅಂದ.

ಮರುದಿನ ಧಣಿ, ಶ್ರೀಕಾಂತ ಇಬ್ಬರೂ ಬಂದರು. ಸಣ್ಣ ಜಿನುಗು ಮಳೆ, ಲಾರಿಗಳ ಉದ್ದ ಸಾಲು.

"ಪಾರ್ಟಿ ಎಲ್ಲಿ ಸರ್?" ಎಂದ ಶ್ರೀಕಾಂತ.

"ಯಾವ ಪಾರ್ಟಿರಿ? ನೀವಲ್ಲೇನು ಕರದಿದ್ದು?"

"ನಾನಾ? ತಾವೇ ಫೋನ್ ಮಾಡಿದ್ರಿ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಗುಡ್ಡದ ಕಡೆ ನೋಡಿದೆ. ಧಣಿ ಬಾಯಿ ತೆಗೆಯುವಷ್ಟರಲ್ಲಿ ಲಾರಿ ಕಟ್ಟೆ ಹತ್ತಿತು, ಇಳಿಯಿತು. ನಾಗಪ್ಪ ಹೊರಗೆ ಬಂದು ದಿನದ ಹಾಗೆ ಮೇನ್ ಕೆಡವಿದ, ಕೈ ಎತ್ತಿದ, ಹಾಕಿದ. ಇನ್ನೊಂದು ಲಾರಿ, ಇನ್ನೊಂದು ಸಲ. ಶ್ರೀಕಾಂತ ಗಾಬರಿಯಾಗಿ "ಏನ್ರೀ ಇದು, ಹಾಗೆ ಆಫ್ ಮಾಡಬಾರದು" ಎಂದ. "ದಿನಾ ಹಿಂಗ ಮಾಡದು ಸರ್, ಯಾರೂ ಬ್ಯಾಡ ಅಂದಿಲ್ಲ" ಎಂದ ನಾಗಪ್ಪ, ಮತ್ತೆ ಕೆಡವಿದ. ಹಾಗೇ ನಡೆಯುತ್ತ ನಡೆಯುತ್ತ ಡಿಸ್ಪ್ಲೇ ಮೇಲೆ ಕರಿ ಚೌಕಗಳು ಬಂದು ನಿಂತವು.

ಹಾರ್ನುಗಳು ಶುರುವಾದವು. ಡ್ರೈವರುಗಳು ಇಳಿದು ಬಂದರು. ಧಣಿಯ ಮುಖ ಶ್ರೀಕಾಂತನ ಕಡೆ ತಿರುಗಿತು. ಅವನ ಬಾಯಿಗೆ ರೂಢಿಯಾದದ್ದೇ ಬಂತು.

"ನೀರು ಹೋಗಿದೆ ಸರ್. ಹಳೇ ಸೀಲು."

ಗುಂಪಿನ ಹಿಂದಿನಿಂದ ಖಾಜಾ ಬಂದ. ತೂತು ಬಿದ್ದ ಅದೇ ಅಂಗಿ, ಜೇಬಿನಲ್ಲಿ ಸ್ಕ್ರೂ ಡ್ರೈವರ್. ಯಾರನ್ನೂ ಕೇಳಲಿಲ್ಲ. ಮಳೆ ತಾಗದ ಸೂರಿನಡಿ ಡಬ್ಬಿ ಬಿಚ್ಚಿ, ಪೊಟ್ಟಣ ತೆಗೆದು, ಧಣಿಯ ಅಂಗೈಯಲ್ಲಿ ಇಟ್ಟ.

"ನೀರು ಹೋಗಿದ್ರ ಇದು ಗುಲಾಬಿ ಆಗ್ಬೇಕಿತ್ರಿ. ಬಣ್ಣ ನೀವ ಹೇಳ್ರಿ."

ಧಣಿ ಗಿರಣಿ ನಡೆಸಿದವರು, ತೇವದ ವಿಷಯ ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಡಬ್ಬಿಯೊಳಗೆ ಬೆರಳು ಆಡಿಸಿದರು, ಬೆರಳನ್ನು ಅಂಗಿಗೆ ಒರೆಸಿ ನೋಡಿದರು. ಅಂಗಿ ಒಣಗಿಯೇ ಇತ್ತು.

"ಇದನ್ನ ನೀವು ಮೊದ್ಲ ನೋಡಿದ್ರೇನು?" ಎಂದು ಶ್ರೀಕಾಂತನನ್ನು ಕೇಳಿದರು.

ಶ್ರೀಕಾಂತ ಗಂಟಲು ಕೆರೆದ. ಮಾತಿಲ್ಲದ ಆ ಗಂಟಲನ್ನು ನಾನು ಎಷ್ಟು ಗಮನವಿಟ್ಟು ಕೇಳಿದೆನೆಂದರೆ, ಇವತ್ತಿಗೂ ತಪ್ಪಿಲ್ಲದೆ ಮಾಡಿ ತೋರಿಸಬಲ್ಲೆ.

"ಬುಟ್ಟಿ ತುಂಬ ನೀಲಿ ಮಣಿ ಅದಾವ ಧಣಿ, ಅವ್ರ ಕೋಣ್ಯಾಗ" ಎಂದೆ. ಆಮೇಲೆ ನನ್ನ ಸ್ಪೇರ್ ಡಬ್ಬಿ ಕೂಡಿಸಿ, ಕಾರ್ಡಿನ ಬೇಲಿಯ ವಿಷಯ ಹೇಳಿ, ನಾಗಪ್ಪನಿಗೆ ಸನ್ನೆ ಮಾಡಿದೆ. ಧಡ್. ಎದ್ದಿತು. ಧಡ್. ಎದ್ದಿತು. ಒಬ್ಬ ಡ್ರೈವರು ತಾನೇ ಬಂದು ಕೆಡವಿ ನೋಡಿದ. ಮತ್ತೆ ಎದ್ದಿತು. ನಾನು ಸುಮ್ಮನಿರಲಿಲ್ಲ. ಶ್ರೀಕಾಂತನ ದನಿಯಲ್ಲಿ "ಉಹುಂ ಉಹುಂ, ಒಣಗಿಸಿದೀನಿ" ಅಂದೆ. ಯಾರ್ಡಿಗೆ ಯಾರ್ಡೇ ನಕ್ಕಿತು. ಅಂದು ಖಾಜಾನನ್ನು ನೋಡಿ ನಕ್ಕವರೇ ಅವರು. ಖಾಜಾ ಮಾತ್ರ ನಗಲಿಲ್ಲ.

ಧಣಿ ಎಲೆಅಡಿಕೆ ಉಗುಳಿದರು. "ಶ್ರೀಕಾಂತ್ರೇ, ನಾಳಿಂದ ನೀವು ಬರಬ್ಯಾಡ್ರಿ. ಖಾಜಾ, ನೀ ಬಾ."

"ಬ್ಯಾಡ್ರಿ ಧಣಿ" ಎಂದ ಖಾಜಾ.

ನಾನು ಬೆಚ್ಚಿದೆ. ಇಷ್ಟೆಲ್ಲ ಮಾಡಿದ ಮೇಲೆ ಇವನು ದೊಡ್ಡ ಮನುಷ್ಯನಾಗಿ ಕ್ಷಮಿಸಿಬಿಟ್ಟರೆ ನನ್ನ ಗತಿಯೇನು?

"ಅವ್ರನ್ನ ಈಗ ಬಿಡಿಸಿದ್ರ ಸಂಜಿ ಬಸ್ ಹತ್ತಿ ಊರಿಗೆ ಹೋಗ್ತಾರ. ಅಲ್ಲಿ ಯಾರಿಗೂ ಏನೂ ಗೊತ್ತಾಗಂಗಿಲ್ಲ. ಎಲ್ಲಾ ಯಾರ್ಡಿನ ಡಬ್ಬಿಗೂ ಈ ಹೊಸಾದು ಹಾಕ್ಬೇಕಲ್ರಿ? ಕೇಬಲ್ ಹಚ್ಚಿ ಅಲ್ಲೇ ಕುಂತು ಹಾಕ್ಬೇಕು. ಸರ್ ನನ್ ಜೋಡಿ ಬರ್ಲಿ. ನನ್ನ ಹೆಸರು ಎಲ್ಲೆಲ್ಲಿ ಹೋಗೈತಿ, ಅಲ್ಲೆಲ್ಲಾ ಬರ್ಲಿ. ಆಮ್ಯಾಲ ಬಿಡಸ್ರಿ."

"ಎಲ್ಲಾ ಯಾರ್ಡಿನ ಡಬ್ಬಿ ಆಗೂತನ ನಿಮ್ಮ ಡಿಗ್ರಿ ಸರ್ಟಿಫಿಕೇಟು ನನ್ನ ಕಡೆ ಇರ್ತೈತ್ರಿ" ಎಂದು ಧಣಿ ಶ್ರೀಕಾಂತನಿಗೆ ಹೇಳಿ ಜೀಪು ಹತ್ತಿದರು.

ಹಾಗೆ ಆ ಮಳೆಗಾಲದ ಉಳಿದ ಭಾಗ ನಡೆಯಿತು. ಖಾಜಾನ ಟಿವಿಎಸ್ ಮೊಪೆಡ್ಡಿನ ಹಿಂದೆ ಶ್ರೀಕಾಂತ, ತೊಡೆಯ ಮೇಲೆ ಲ್ಯಾಪ್‌ಟಾಪು, ಬೆನ್ನ ತುಂಬ ಕೆಂಪು ರಾಡಿ. ನಾನು ಇನ್ನೊಂದು ಗಾಡಿಯಲ್ಲಿ ಹಿಂದೆ. ನನ್ನ ಕೆಲಸವೇನೂ ಇರಲಿಲ್ಲ, ನೋಡಲು ಹೋಗುತ್ತಿದ್ದೆ. ಪ್ರತಿ ಯಾರ್ಡಿನಲ್ಲೂ ಒಂದೇ ಕ್ರಮ. ಶ್ರೀಕಾಂತ ನೆಲಕ್ಕೆ ಕೂತು ಹೊಸ ಬೂಟ್‌ಲೋಡರ್ ಹಾಕುತ್ತಿದ್ದ, ಖಾಜಾ ಕಾರ್ಡು ಬದಲಿಸಿ, ಹೊಸ ಪೊಟ್ಟಣ ಇಟ್ಟು ಸಿಲಿಕಾನ್ ಹಾಕುತ್ತಿದ್ದ. ಆಮೇಲೆ ಆಪರೇಟರನ್ನೂ ಹತ್ತಿರವಿದ್ದ ಡ್ರೈವರುಗಳನ್ನೂ ಕರೆದು, ಬಹಳ ಮರ್ಯಾದೆಯಿಂದ, "ಸರ್ ಏನೋ ಹೇಳ್ತಾರಂತ, ಕೇಳ್ರಿ" ಅನ್ನುತ್ತಿದ್ದ.

ಶ್ರೀಕಾಂತ ಹೇಳಬೇಕಾದದ್ದು ಎರಡೇ ಮಾತು. "ಡಬ್ಬಿಯೊಳಗೆ ನೀರು ಹೋಗಿರಲಿಲ್ಲ. ತಪ್ಪು ನನ್ನದು."

ಮೊದಮೊದಲು ಇಂಗ್ಲಿಷಿನಲ್ಲಿ ಹೇಳಿ ಮುಗಿಸಲು ನೋಡಿದ. "ನಮ್ ಮಂದಿಗೆ ತಿಳಿಯಂಗಿಲ್ಲ ಸರ್, ಕನ್ನಡದಾಗ" ಎಂದ ಖಾಜಾ. ಆಮೇಲೆ ಬೂಟ್‌ಲೋಡರ್, ಫೈಲ್ ಸಿಸ್ಟಮ್ ಎಂದು ಸುತ್ತಿ ಬರಲು ನೋಡಿದ. "ಅದು ಬ್ಯಾಡ್ರಿ, ನೀರಿನ ವಿಷಯ ಹೇಳ್ರಿ" ಎಂದ ಖಾಜಾ. ಒಂದು ಕಡೆ ಮಳೆ ಜೋರಾಗಿತ್ತು, ಇವತ್ತು ಬೇಡ ಅಂದುಕೊಂಡು ಶ್ರೀಕಾಂತ ಗಾಡಿ ಹತ್ತಿ ಕೂತ. ಖಾಜಾ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಲೇ ಇಲ್ಲ. ಪಕ್ಕದಲ್ಲಿ ನೆನೆಯುತ್ತ ನಿಂತ, ಇವನು ಇಳಿದು ಹೋಗಿ ಹೇಳಿ ಬರುವ ತನಕ.

ಕೊನೆಯ ಯಾರ್ಡು ಪಾಪಿನಾಯಕನಹಳ್ಳಿಯ ಹತ್ತಿರದ್ದು. ಅಲ್ಲಿಯ ಆಪರೇಟರು ಮುದುಕ, ಕಿವಿ ಚುರುಕು. ಅಷ್ಟು ಹೊತ್ತಿಗೆ ಶ್ರೀಕಾಂತನಿಗೆ ಮಾತು ಬಾಯಿಪಾಠವಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿ, ತಲೆ ತಗ್ಗಿಸಿ, ಗಂಟಲು ಕೆರೆಯದೆ ಒಂದೇ ಉಸಿರಿಗೆ ಹೇಳಿದ. ಸಾಲಿನಲ್ಲಿ ನಿಂತಿದ್ದ ಡ್ರೈವರುಗಳೆಲ್ಲ ಕೇಳಿದರು. ಮುದುಕ ತಲೆದೂಗಿ, "ಆತ್ ಬಿಡಪ್ಪ, ಎಲ್ಲಾರ್ಗೂ ಕೇಳ್ಸ್ತು" ಎಂದ.

ಖಾಜಾ ಅಂಟು ಮೆತ್ತಿದ ಬೆರಳನ್ನು ಚಿಂದಿಗೆ ಒರೆಸಿಕೊಳ್ಳುತ್ತಿದ್ದ. ಒಂದೊಂದೇ ಬೆರಳು, ನಿಧಾನವಾಗಿ. ಒರೆಸಿ ಮುಗಿದ ಮೇಲೆ ತಲೆ ಎತ್ತಿದ.

"ನನಗ ಕೇಳ್ಸ್ಲಿಲ್ರಿ ಸರ್" ಎಂದ. "ಇನ್ನೊಂದ್ಸಲ ಹೇಳ್ರಿ."